ಒಂದು ರೂಪಾಯಿ ಹಾಕಿ ನೋಡುವುದು

ನನ್ನ ಸೇವೆಯ ಕೊನೆಯ ವರ್ಷಗಳು ಸಾಗರ ತಾಲ್ಲೂಕಿನ ಶಾಖೆಯೊಂದರಲ್ಲಿ ಕಳೆದವು. ಅಲ್ಲಿ ಒಂದು ಸೋಮವಾರ ಅಡಿಕೆ ಬೆಳೆಗಾರರೊಬ್ಬರು ಕೌಂಟರಿನ ಪಕ್ಕದ ಮೇಜಿಗೆ ಬಗ್ಗಿ, ದಾರ ಕಟ್ಟಿದ ಪೆನ್ನು ಹಿಡಿದು, ಶಿವಮೊಗ್ಗದಲ್ಲಿ ಓದುತ್ತಿದ್ದ ಮಗಳ ಕಾಲೇಜು ಶುಲ್ಕ ಕಳಿಸಲು ಎನ್‌ಇಎಫ್‌ಟಿ ಚಲನ್ ತುಂಬುತ್ತಿದ್ದರು. ಅವರ ಅಂಗಿ ಜೇಬಿನಲ್ಲಿ ನನ್ನದಕ್ಕಿಂತ ಒಳ್ಳೆಯ ಮೊಬೈಲ್ ಇತ್ತು. ಅದರಲ್ಲಿ ನಮ್ಮ ಬ್ಯಾಂಕಿನ ಆ್ಯಪ್ ಇತ್ತು. ಆ ಆ್ಯಪನ್ನು ಆರು ತಿಂಗಳ ಹಿಂದೆ ನಾನೇ ಹಾಕಿಕೊಟ್ಟಿದ್ದೆ. ಹನ್ನೆರಡು ಕಿಲೋಮೀಟರ್ ಬಸ್ಸಿನಲ್ಲಿ ಬಂದು, ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತು ಮಾಡುವ ಈ ಕೆಲಸವನ್ನು ಮನೆಯ ಜಗಲಿಯಲ್ಲಿ ಕುಳಿತೇ ಮುಗಿಸಬಹುದಿತ್ತಲ್ಲ ಎಂದು ಕೇಳಿದೆ. ಅವರು ಬೇಸರವಿಲ್ಲದೆ, ಬಹಳ ದಿನದಿಂದ ಯೋಚಿಸಿ ಇಟ್ಟುಕೊಂಡವರಂತೆ ಹೇಳಿದರು: "ಕಳಿಸ್ಬಹುದು ಮೇಡಂ. ಆದ್ರೆ ದುಡ್ಡು ಅಲ್ಲಿಗೆ ಹೋಗ್ದೇ ಇದ್ರೆ ನಾನು ಯಾರನ್ನ ಕೇಳ್ಬೇಕು?"

1988ರಲ್ಲಿ ಗುಮಾಸ್ತೆಯಾಗಿ ಸೇರಿ, 2024ರಲ್ಲಿ ನಿವೃತ್ತಳಾಗುವವರೆಗೆ ನಾನು ಬ್ಯಾಂಕಿನ ಕೌಂಟರಿನ ಒಳಬದಿಯಲ್ಲಿ ಮೂವತ್ತಾರು ವರ್ಷ ಕುಳಿತಿದ್ದೇನೆ. ಲೆಡ್ಜರಿನ ದಪ್ಪ ಹಾಳೆಗಳನ್ನು ಮಗುಚಿದ್ದೇನೆ, ಕಂಪ್ಯೂಟರ್ ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡಿದ್ದನ್ನು ಕಂಡಿದ್ದೇನೆ. ಆದರೂ ಆನ್‌ಲೈನ್ ಬ್ಯಾಂಕಿಂಗನ್ನು ಜನ ಯಾಕೆ ಒಪ್ಪುತ್ತಾರೆ, ಯಾಕೆ ಒಪ್ಪುವುದಿಲ್ಲ ಎಂಬ ವಿಷಯದಲ್ಲಿ ಆ ಒಂದು ಪ್ರಶ್ನೆಯಷ್ಟು ನನಗೆ ಕಲಿಸಿದ್ದು ಬೇರೆ ಯಾವುದೂ ಇಲ್ಲ. ನಮ್ಮ ಸಭೆಗಳಲ್ಲಿ ಆ್ಯಪ್ ಬಳಸದ ಗ್ರಾಹಕರನ್ನು "ತಿಳಿವಳಿಕೆ ಇಲ್ಲದವರು" ಎಂಬ ಒಂದೇ ಪಂಕ್ತಿಯಲ್ಲಿ ಕೂರಿಸಿಬಿಡುತ್ತಿದ್ದರು. ಆ ಬೆಳೆಗಾರರಿಗೆ ತಿಳಿವಳಿಕೆ ಕಡಿಮೆ ಇರಲಿಲ್ಲ. ಅಡಿಕೆ ಮಂಡಿಯ ದರ ಏರುವುದನ್ನೂ ಇಳಿಯುವುದನ್ನೂ ಅವರು ಅದೇ ಮೊಬೈಲಿನಲ್ಲಿ ನೋಡುತ್ತಿದ್ದರು, ಕೊಳೆರೋಗಕ್ಕೆ ಯಾವ ಔಷಧಿ ಯಾವಾಗ ಹೊಡೆಯಬೇಕೆಂಬ ವಿಡಿಯೊಗಳನ್ನೂ ನೋಡುತ್ತಿದ್ದರು. ಅವರು ಲೆಕ್ಕ ಹಾಕಿಯೇ ಬಸ್ಸು ಹತ್ತಿ ಬಂದಿದ್ದರು.

ತರಬೇತಿ ಕಾಲೇಜಿನಲ್ಲಿ ಈ ವಿಷಯಕ್ಕೆಂದೇ ಒಂದು ತರಗತಿ ಇರುತ್ತಿತ್ತು. ಜನ ಹೊಸ ತಂತ್ರಜ್ಞಾನವನ್ನು ಒಪ್ಪುವುದು ಎರಡು ಭಾವನೆಗಳ ಮೇಲೆ ನಿಂತಿದೆ, ಒಂದು ಅದರಿಂದ ಉಪಯೋಗವಿದೆ ಎನ್ನಿಸಬೇಕು, ಇನ್ನೊಂದು ಅದು ಸುಲಭ ಎನ್ನಿಸಬೇಕು ಎಂದು ಅಮೆರಿಕದ ಫ್ರೆಡ್ ಡೇವಿಸ್ 1989ರಲ್ಲಿ ಮಂಡಿಸಿದ ಮಾದರಿಯನ್ನು ಅಲ್ಲಿ ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದರು. ಆ ಮಾತು ಸುಳ್ಳಲ್ಲ. ಆದರೆ ಅದು ಕಚೇರಿಯಲ್ಲಿ ಕಂಪ್ಯೂಟರ್ ಬಳಸುವವರನ್ನು ಗಮನಿಸಿ ಹುಟ್ಟಿದ ಮಾತು. ಕಚೇರಿಯ ಕಂಪ್ಯೂಟರಿನಲ್ಲಿ ತಪ್ಪಾದರೆ ಅಳಿಸಿ ಮತ್ತೆ ಬರೆಯಬಹುದು. ಹಣದ ವಿಷಯದಲ್ಲಿ ಹಾಗಾಗುವುದಿಲ್ಲ. ವರ್ಷದ ಫಸಲು ಮಾರಿ ಬಂದ ದುಡ್ಡನ್ನು ಗಾಜಿನ ಮೇಲೆ ಬೆರಳಿಟ್ಟು ಕಳಿಸುವವನಿಗೆ ಉಪಯೋಗ ಮತ್ತು ಸುಲಭ ಎರಡೂ ಗೊತ್ತಿದ್ದೂ ಮೂರನೆಯದೊಂದು ಕಾಡುತ್ತದೆ. ತಪ್ಪಾದರೆ ಎದುರಿಗೆ ನಿಂತು ಉತ್ತರ ಕೊಡುವ ಮನುಷ್ಯ ಯಾರು ಎಂಬುದೇ ಆ ಮೂರನೆಯದು.

ನಮ್ಮ ಕರಾವಳಿಯಲ್ಲಿ ಬ್ಯಾಂಕಿಂಗ್ ಬೆಳೆದದ್ದೇ ಇಂಥ ಮನುಷ್ಯರ ಬೆನ್ನ ಮೇಲೆ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. ಇವುಗಳಲ್ಲಿ ಉಡುಪಿಯ ಸಿಂಡಿಕೇಟ್ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನು ಏಜೆಂಟ್ ಮನೆಬಾಗಿಲಿಗೇ ಬಂದು ಪಡೆದು, ಕಾರ್ಡಿನಲ್ಲಿ ಬರೆದು ಕೊಟ್ಟು ಹೋಗುತ್ತಿದ್ದರು. ಬ್ಯಾಂಕಿನ ಕಟ್ಟಡವನ್ನೇ ನೋಡದ ಮೀನುಗಾರ್ತಿ, ನೇಕಾರ, ಹೋಟೆಲಿನ ಮಾಣಿ ಎಲ್ಲರೂ ಅದರಲ್ಲಿ ಹಣ ಹಾಕಿದರು. ಅವರು ನಂಬಿದ್ದು ನಿತ್ಯ ಅದೇ ಹೊತ್ತಿಗೆ ಬರುವ, ತಮ್ಮ ಊರಿನವನೇ ಆದ, ನಾಳೆ ಬರದಿದ್ದರೆ ಮನೆಗೆ ಹೋಗಿ ವಿಚಾರಿಸಬಹುದಾದ ಒಬ್ಬನನ್ನು; ಬ್ಯಾಂಕಿನ ಮೇಲಿನ ನಂಬಿಕೆ ಅವನ ಮೂಲಕ ಬಂತು. ಆನ್‌ಲೈನ್ ಬ್ಯಾಂಕಿಂಗ್ ಕೇಳುತ್ತಿರುವುದು ಆ ಮಧ್ಯದ ಮನುಷ್ಯನನ್ನು ಬಿಟ್ಟು ನೇರವಾಗಿ ನನ್ನನ್ನು ನಂಬಿ ಎಂದು. ಇದು ಸಣ್ಣ ಬೇಡಿಕೆಯಲ್ಲ, ಮತ್ತು ಇದಕ್ಕೆ ಜನ ತಡವಾಗಿ ಒಪ್ಪಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ನೆಟ್ ಬ್ಯಾಂಕಿಂಗ್ ಬಂದ ಕಾಲವನ್ನು ನೋಡಿ. 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂತು, 2001ರಲ್ಲಿ ರಿಸರ್ವ್ ಬ್ಯಾಂಕು ಇಂಟರ್ನೆಟ್ ಬ್ಯಾಂಕಿಂಗಿಗೆ ಮಾರ್ಗಸೂಚಿ ಕೊಟ್ಟಿತು, ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ವ್ಯವಸ್ಥೆಗಳಾಗಿ 2004ರಲ್ಲಿ ಆರ್‌ಟಿಜಿಎಸ್, 2005ರಲ್ಲಿ ಎನ್‌ಇಎಫ್‌ಟಿ, 2010ರಲ್ಲಿ ಐಎಂಪಿಎಸ್ ಒಂದರ ಹಿಂದೊಂದು ಬಂದವು. ವ್ಯವಸ್ಥೆಯೆಲ್ಲ ಸಿದ್ಧವಿದ್ದರೂ ನಮ್ಮಂಥ ಶಾಖೆಗಳಲ್ಲಿ ನೆಟ್ ಬ್ಯಾಂಕಿಂಗ್ ತೆಗೆದುಕೊಂಡವರು ಬೆರಳೆಣಿಕೆಯಷ್ಟು ಮಂದಿ: ಪೇಟೆಯ ಒಂದಿಬ್ಬರು ಜವಳಿ ವ್ಯಾಪಾರಿಗಳು, ಮಕ್ಕಳು ಬೆಂಗಳೂರಿನಲ್ಲಿದ್ದ ಒಂದಿಬ್ಬರು ನಿವೃತ್ತರು. ಬಳಕೆದಾರ ಸಂಖ್ಯೆ, ಒಳಹೋಗಲು ಒಂದು ಪಾಸ್‌ವರ್ಡ್, ಹಣ ಕಳಿಸಲು ಇನ್ನೊಂದು. ಹಣ ಪಡೆಯುವವರ ಖಾತೆಯನ್ನು ಮೊದಲು ಸೇರಿಸಿ ಕೆಲವು ಗಂಟೆ ಕಾಯಬೇಕು. ಮೂರು ಬಾರಿ ತಪ್ಪಿದರೆ ಬೀಗ ಬೀಳುತ್ತದೆ, ಬೀಗ ತೆಗೆಸಲು ಮತ್ತೆ ಶಾಖೆಗೇ ಬರಬೇಕು. ಇವೆಲ್ಲ ಕಷ್ಟಗಳೇ. ಆದರೆ ಜನ ಹಿಂಜರಿದದ್ದಕ್ಕೆ ಇದಕ್ಕಿಂತ ಆಳವಾದ ಕಾರಣವೊಂದು ಇತ್ತು ಎಂಬುದನ್ನು ನಾನು ಒಂದು ಘಟನೆಯಿಂದ ಕಲಿತೆ.

ನಮ್ಮ ಗ್ರಾಹಕರೊಬ್ಬರು ತಂಗಿಗೆ ಎಂಬತ್ತು ಸಾವಿರ ರೂಪಾಯಿ ಕಳಿಸುವಾಗ ಖಾತೆ ಸಂಖ್ಯೆಯ ಒಂದು ಅಂಕಿ ಅದಲುಬದಲಾಯಿತು. ಹೆಸರಿನ ಜಾಗದಲ್ಲಿ ತಂಗಿಯ ಹೆಸರನ್ನು ಅವರು ಸರಿಯಾಗಿಯೇ ಬರೆದಿದ್ದರು. ಆದರೆ ಎನ್‌ಇಎಫ್‌ಟಿಯಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆಯನ್ನು ಮಾತ್ರ ಆಧರಿಸಿ; ಹೆಸರು ಹೊಂದುತ್ತದೆಯೇ ಎಂದು ನೋಡುವ ಏರ್ಪಾಡು ಅದರಲ್ಲಿರಲಿಲ್ಲ. ಹಣ ಇನ್ನೊಂದು ಬ್ಯಾಂಕಿನ, ಇನ್ನೊಂದು ಜಿಲ್ಲೆಯ, ಯಾರೋ ಅಪರಿಚಿತರ ಖಾತೆಗೆ ಹೋಯಿತು. ನಮ್ಮ ಗ್ರಾಹಕರು ದಿನವೂ ಬಂದು ನನ್ನ ಮೇಜಿನ ಮುಂದೆ ಕೂರುತ್ತಿದ್ದರು. ನಾನು ಆ ಬ್ಯಾಂಕಿಗೆ ಪತ್ರ ಬರೆದೆ, ಫೋನ್ ಮಾಡಿದೆ. ಹಣ ಪಡೆದವರ ಒಪ್ಪಿಗೆ ಇಲ್ಲದೆ ಅವರ ಖಾತೆಯಿಂದ ತೆಗೆಯಲಾಗದು ಎಂಬ ಉತ್ತರ ಬಂತು. ಹಣ ಕೊನೆಗೆ ಬಂತು, ನಾಲ್ಕು ತಿಂಗಳ ನಂತರ. ಆ ನಾಲ್ಕು ತಿಂಗಳಲ್ಲಿ ಆ ಸುದ್ದಿ ಸುತ್ತಲಿನ ಊರುಗಳಿಗೆಲ್ಲ ಹರಡಿತು. ನೆಟ್ ಬ್ಯಾಂಕಿಂಗ್ ಬೇಕೆಂದು ಅರ್ಜಿ ಒಯ್ದಿದ್ದವರು ಅದನ್ನು ತುಂಬದೆ ಮರಳಿ ತಂದು ಕೊಟ್ಟರು. ನಾವು ಹಂಚಿದ ಬಣ್ಣದ ಕರಪತ್ರಗಳಿಗಿಂತ ಆ ಒಬ್ಬರ ಅನುಭವದ ಮಾತು ಹೆಚ್ಚು ದೂರ ಹೋಗಿತ್ತು. ಆ್ಯಪಿನಲ್ಲಿ ಹಣ ಕಳಿಸುವ ಮುನ್ನ ಪಡೆಯುವವರ ಹೆಸರು ತೋರಿಸುವ ವ್ಯವಸ್ಥೆಯನ್ನು ಎನ್‌ಇಎಫ್‌ಟಿ ಮತ್ತು ಆರ್‌ಟಿಜಿಎಸ್‌ಗೂ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಗಡುವು ಕೊಟ್ಟದ್ದು 2025ರ ಏಪ್ರಿಲ್ 1ಕ್ಕೆ. ಎನ್‌ಇಎಫ್‌ಟಿ ಹುಟ್ಟಿ ಆಗ ಹತ್ತೊಂಬತ್ತು ವರ್ಷ ಕಳೆದಿತ್ತು. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಯುಪಿಐ ಬಂದದ್ದು 2016ರಲ್ಲಿ. ಏಪ್ರಿಲ್‌ನಲ್ಲಿ ಘೋಷಣೆಯಾಗಿ ಆಗಸ್ಟ್‌ನಿಂದ ಬ್ಯಾಂಕುಗಳ ಆ್ಯಪ್‌ಗಳಲ್ಲಿ ಸಿಗತೊಡಗಿತು. ಅದು ಗೆದ್ದದ್ದಕ್ಕೆ ವೇಗ, ಉಚಿತ ಎಂಬ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ. ಕೌಂಟರಿನಲ್ಲಿ ಕುಳಿತು ನೋಡಿದ ನನಗೆ ಕಂಡ ಕಾರಣ ಇನ್ನೊಂದಿದೆ: ಹಣ ಕಳಿಸುವ ಮೊದಲೇ ಪಡೆಯುವವರ ಹೆಸರು ಪರದೆಯ ಮೇಲೆ ಬರುತ್ತದೆ. ಫೋನ್ ನಂಬರು ಒತ್ತಿದ ಕೂಡಲೇ, ಬ್ಯಾಂಕಿನಲ್ಲಿ ಬರೆಸಿದ ಹೆಸರು, ತಂದೆಯ ಹೆಸರಿನ ಮೊದಲಕ್ಷರ ಸಹಿತ ಕಾಣಿಸಿಕೊಂಡಾಗ ಜನರ ಮುಖದಲ್ಲಿ ಆಗುವ ಬದಲಾವಣೆಯನ್ನು ನಾನು ನೂರಾರು ಸಲ ನೋಡಿದ್ದೇನೆ. "ಹೌದೌದು, ಇವ್ರೇ" ಎನ್ನುತ್ತಾರೆ. ಅಂಕಿಗಳ ಸಾಲಿನ ಹಿಂದೆ ಅಡಗಿದ್ದ ಮನುಷ್ಯ ಅಲ್ಲಿ ಎದುರಿಗೆ ಬಂದಂತಾಗುತ್ತದೆ.

ಆ ಹೆಸರು ನೋಡಿದ ಮೇಲೂ ಅವರು ಪೂರ್ತಿ ಹಣ ಕಳಿಸುವುದಿಲ್ಲ. ಮೊದಲು ಒಂದು ರೂಪಾಯಿ ಕಳಿಸುತ್ತಾರೆ. ಆ ಕಡೆಯವರಿಗೆ ಫೋನ್ ಮಾಡಿ "ಬಂತಾ?" ಎಂದು ಕೇಳುತ್ತಾರೆ, ಬಂತು ಎಂದ ಮೇಲೆ ಉಳಿದದ್ದನ್ನು ಹಾಕುತ್ತಾರೆ. ಇದನ್ನು ಯಾವ ಬ್ಯಾಂಕೂ ಕಲಿಸಲಿಲ್ಲ, ಯಾವ ಕೈಪಿಡಿಯಲ್ಲೂ ಬರೆದಿರಲಿಲ್ಲ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ಜನ ತಮಗೆ ತಾವೇ ಕಂಡುಕೊಂಡ ದಾರಿ ಇದು. ಕಳಿಸಿ ನೋಡಲು ಖರ್ಚಿಲ್ಲದಿದ್ದಾಗ, ಎರಡು ಸೆಕೆಂಡಿನಲ್ಲಿ ಫಲ ಗೊತ್ತಾಗುವಾಗ ಮಾತ್ರ ಇಂಥ ಪರೀಕ್ಷೆ ಸಾಧ್ಯ. ಎನ್‌ಇಎಫ್‌ಟಿಗೆ ಶುಲ್ಕವಿದ್ದು, ಕೆಲಸದ ದಿನಗಳ ಕೆಲಸದ ಹೊತ್ತಿನಲ್ಲಿ ಮಾತ್ರ ಅದು ನಡೆಯುತ್ತಿದ್ದ ಕಾಲದಲ್ಲಿ ಒಂದು ರೂಪಾಯಿಯನ್ನು ಯಾರು ಕಳಿಸಿ ನೋಡುತ್ತಿದ್ದರು? ಅದು ದಿನದ ಇಪ್ಪತ್ತನಾಲ್ಕು ಗಂಟೆಯೂ ಸಿಗುವಂತಾದದ್ದು 2019ರ ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ ಜನ ಯುಪಿಐಗೆ ಒಗ್ಗಿಹೋಗಿದ್ದರು. ಯುಪಿಐ ವಹಿವಾಟುಗಳ ಸಂಖ್ಯೆ ತಿಂಗಳಿಗೆ ನೂರು ಕೋಟಿಯನ್ನು ಮೊದಲ ಬಾರಿಗೆ ದಾಟಿದ್ದು 2019ರ ಅಕ್ಟೋಬರ್‌ನಲ್ಲಿ, ಸಾವಿರ ಕೋಟಿ ದಾಟಿದ್ದು 2023ರ ಆಗಸ್ಟ್‌ನಲ್ಲಿ. ಆ ಕೋಟಿಗಳ ಒಳಗೆ ನಮ್ಮ ಊರಿನವರ ಒಂದೊಂದು ರೂಪಾಯಿಯೂ ಎಷ್ಟೋ ಇವೆ ಎಂದು ನನಗೆ ಖಾತ್ರಿಯಿದೆ.

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದ ಮೇಲಿನ ವಾರಗಳ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಆ ಸರದಿಗಳನ್ನು ಕಂಡವರಿಗೆ ಹೇಳಬೇಕಾದ್ದಿಲ್ಲ. ಒತ್ತಾಯಕ್ಕೆ ಜನ ಮೊಬೈಲ್ ಹಿಡಿದರು, ನೋಟು ಮರಳಿದಾಗ ಬಹಳ ಮಂದಿ ನೋಟಿಗೆ ಮರಳಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಮೊಬೈಲ್ ಇಂಟರ್ನೆಟ್ ಅಗ್ಗವಾದದ್ದು ಹೆಚ್ಚು ಕಾಲ ಬಾಳಿದ ಬದಲಾವಣೆ. 2020ರ ಲಾಕ್‌ಡೌನ್ ಮತ್ತೊಂದು ತಳ್ಳು ಕೊಟ್ಟಿತು. ಆದರೆ ಎರಡೂ ಸಲ ನಾನು ಕಂಡದ್ದು ಒಂದೇ: ಕಷ್ಟಕಾಲದಲ್ಲಿ ಕಲಿತವರ ಪೈಕಿ ನಂತರವೂ ಬಳಸುತ್ತ ಉಳಿದವರು, ಕಲಿಸಿದವರೊಬ್ಬರು ಹತ್ತಿರದಲ್ಲೇ ಇದ್ದವರು. ಅಂಗಡಿಯ ಹುಡುಗ, ಪಕ್ಕದ ಮನೆಯ ಕಾಲೇಜು ಹುಡುಗಿ, ಸೊಸೈಟಿಯ ಕಾರ್ಯದರ್ಶಿ, ಹೀಗೆ ಯಾರಾದರೂ ಒಬ್ಬರು.

ಉಪಯೋಗವೊಂದೇ ಸಾಲದು ಎಂಬುದಕ್ಕೆ ನಮ್ಮ ತಾಲ್ಲೂಕಿನಲ್ಲೇ ಸಾಕ್ಷಿ ಇತ್ತು. ಶರಾವತಿ ಹಿನ್ನೀರಿನ ಆಚೆಯ ತುಮರಿ ಭಾಗದವರು ಸಾಗರ ಪೇಟೆಗೆ ಬರಬೇಕಾದರೆ ಲಾಂಚ್ ಹಿಡಿಯಬೇಕಿತ್ತು. ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಪೇಟೆಯಲ್ಲೇ ಉಳಿಯಬೇಕು. ಮನೆಯಲ್ಲಿ ಕುಳಿತು ಹಣ ಕಳಿಸುವ ಅನುಕೂಲ ಅವರಿಗಿಂತ ಹೆಚ್ಚು ಬೇಕಾದವರು ಯಾರಿದ್ದರು? ಆದರೆ ಅಲ್ಲಿಯ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಗುಡ್ಡದ ಮೇಲಿನ ಒಂದು ಬಂಡೆಯ ಹತ್ತಿರ ಹೋಗಿ ನಿಂತು ಹಣ ಕಳಿಸುತ್ತಿದ್ದ ಗ್ರಾಹಕರೊಬ್ಬರಿಗೆ ಒಟಿಪಿ ಬರುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಒಮ್ಮೆ ಖಾತೆಯಿಂದ ಹಣ ಕಡಿತವಾಗಿ ಆ ಕಡೆಗೆ ಸೇರದೆ, ಮೂರು ದಿನ ನಡುವೆ ಎಲ್ಲೋ ನಿಂತಿತ್ತು. ಹಣ ಮರಳಿ ಬಂತು. ಅವರು ಮಾತ್ರ ಮುಂದಿನ ಸಲದಿಂದ ಲಾಂಚ್ ಹಿಡಿದೇ ಬಂದರು.

ಆನ್‌ಲೈನ್ ಬ್ಯಾಂಕಿಂಗಿನ ಬಗ್ಗೆ ಮಾತಾಡುವಾಗ ನಾವು ಯಾರೂ ಕೇಳದ ಒಂದು ಪ್ರಶ್ನೆಯಿದೆ: ಫೋನು ಯಾರದು? 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಆರಂಭವಾಗಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ ಬರತೊಡಗಿದಾಗ ಈ ಪ್ರಶ್ನೆ ನಮ್ಮ ಕೌಂಟರಿಗೆ ಬಂದು ನಿಂತಿತು. ಹಣ ಬಂದಿದೆಯೇ ಎಂದು ಕೇಳಲು ಹೆಂಗಸರು ಸಾಲುಗಟ್ಟಿ ಬರುತ್ತಿದ್ದರು. "ನಿಮ್ಮ ಮೊಬೈಲಿಗೆ ಮೆಸೇಜ್ ಬರುತ್ತದಲ್ಲ" ಎಂದರೆ ಎಷ್ಟೋ ಮಂದಿ ಸುಮ್ಮನೆ ನಿಲ್ಲುತ್ತಿದ್ದರು. ಖಾತೆ ಅವರದು, ಜೋಡಿಸಿದ ನಂಬರು ಗಂಡನದು ಅಥವಾ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಮಗನದು. ಕೆಲವರದ್ದು ರೀಚಾರ್ಜ್ ಮಾಡದೆ ಸತ್ತುಹೋದ ಹಳೆಯ ಸಿಮ್. ಒಬ್ಬಾಕೆ ನನ್ನ ಹತ್ತಿರ ಬಗ್ಗಿ, ಹಿಂದಿನವರಿಗೆ ಕೇಳಿಸದ ಹಾಗೆ, "ನಂಬರ್ ಬದ್ಲಾಯಿಸ್ಬಹುದಾ ಅಮ್ಮಾ? ನಂದೇ ಒಂದು ಸಿಮ್ ತಗೊಂಡಿದೀನಿ" ಎಂದು ಕೇಳಿದರು. ಸೆರಗಿನ ಗಂಟಿನಿಂದ ಒಂದು ಚೀಟಿ ತೆಗೆದರು. ಹತ್ತು ಅಂಕಿಗಳನ್ನು ಮಗಳ ಕೈಯಲ್ಲಿ ದೊಡ್ಡದಾಗಿ ಬರೆಸಿ ತಂದಿದ್ದರು. ಅರ್ಜಿ ತುಂಬಿ, ಆಧಾರ್ ನೋಡಿ, ನಂಬರು ಬದಲಿಸಿದೆ. ಎರಡು ದಿನ ಬಿಟ್ಟು ಅವರ ಕೀಪ್ಯಾಡ್ ಫೋನಿಗೆ ಬ್ಯಾಂಕಿನ ಮೊದಲ ಮೆಸೇಜ್ ಬಂತು. ಆಕೆ ಅದನ್ನು ನನಗೆ ತೋರಿಸಲೆಂದೇ ಶಾಖೆಗೆ ಬಂದರು. ಆ್ಯಪ್, ಯುಪಿಐ, ಪಿನ್ ಎಲ್ಲ ಆಮೇಲಿನ ಮಾತು; ಆಕೆಯ ಮಟ್ಟಿಗೆ ಆನ್‌ಲೈನ್ ಬ್ಯಾಂಕಿಂಗ್ ಶುರುವಾದದ್ದು ತನ್ನ ಹಣದ ಸುದ್ದಿ ತನ್ನ ಕೈಗೇ ಬಂದ ಆ ದಿನ. ಸ್ವಂತ ನಂಬರು ಇಲ್ಲದ ಹೆಂಗಸನ್ನು ಡಿಜಿಟಲ್ ಗ್ರಾಹಕಿ ಎಂದು ಎಣಿಸುವುದು ಲೆಕ್ಕದ ಪುಸ್ತಕಕ್ಕೆ ಸರಿ, ನಿಜಕ್ಕೆ ಸರಿಯಲ್ಲ.

ಭಾಷೆಯ ವಿಷಯವನ್ನು ಹೇಳಲೇಬೇಕು. ಆ್ಯಪ್‌ಗಳು ಕನ್ನಡದಲ್ಲಿ ಬಂದಾಗ ನಾನು ಬಹಳ ಸಂತೋಷಪಟ್ಟವಳು. ಆದರೆ ಒಂದು ಆ್ಯಪಿನಲ್ಲಿ "ಫಲಾನುಭವಿಯನ್ನು ಸೇರಿಸಿ" ಎಂದಿತ್ತು. ನಮ್ಮ ಹಳ್ಳಿಗಳಲ್ಲಿ ಫಲಾನುಭವಿ ಎಂದರೆ ಆಶ್ರಯ ಮನೆ ಸಿಕ್ಕವರು, ಸರ್ಕಾರದ ಯೋಜನೆಯ ಪಟ್ಟಿಯಲ್ಲಿ ಹೆಸರಿರುವವರು. ಮಗನಿಗೆ ಹಣ ಕಳಿಸಲು ಹೊರಟ ಒಬ್ಬ ತಂದೆ ಅದನ್ನು ಓದಿ, ಇದು ತನಗೆ ಸಂಬಂಧಿಸಿದ್ದಲ್ಲ ಎಂದು ಆ್ಯಪ್ ಮುಚ್ಚಿದ್ದರು. "ಯಾರಿಗೆ ಕಳಿಸಬೇಕು?" ಎಂದು ಬರೆದಿದ್ದರೆ ಸಾಕಿತ್ತು. ಕನ್ನಡದ ಪದಗಳಿದ್ದ ಮಾತ್ರಕ್ಕೆ ಅದು ಜನರ ಕನ್ನಡವಾಗುವುದಿಲ್ಲ. ಇದಕ್ಕೆ ಎದುರಾಗಿ, ತರಕಾರಿ ಅಂಗಡಿಯ ಪುಟ್ಟ ಸೌಂಡ್ ಬಾಕ್ಸ್ ಎಷ್ಟು ರೂಪಾಯಿ ಬಂತೆಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತದೆ. ಕೈ ಒದ್ದೆಯಿರುವ, ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿರುವ ವ್ಯಾಪಾರಿಗೆ ಮೆಸೇಜ್ ಓದುವ ಅಗತ್ಯವೇ ಇಲ್ಲ. ಕೊಟ್ಟವನೂ ಪಡೆದವನೂ ಒಟ್ಟಿಗೆ ಅದನ್ನು ಕೇಳುತ್ತಾರೆ, ಅದು ಇಬ್ಬರ ನಡುವಿನ ಸಾಕ್ಷಿಯಾಗುತ್ತದೆ. ಸಂತೆಯ ಹೆಂಗಸರು ಯುಪಿಐ ಒಪ್ಪಿದ್ದರಲ್ಲಿ ಆ ದನಿಯ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಒಪ್ಪಿದವರು ಮತ್ತೆ ಹಿಂದೆ ಸರಿಯುವುದೂ ಉಂಟು. 2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿಗಳು ಅಂಟಿದವು. ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳು ಭರವಸೆ ಕೊಡಬೇಕಾಯಿತು. ತೆರಿಗೆ ಕಟ್ಟಬೇಕಾದವರು ಕಟ್ಟಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗೋಡೆಗೆ ಅಂಟಿಸಿದ ಆ ಕ್ಯೂಆರ್ ಕೋಡಿನ ಮೇಲೆ ಬೀಳುವ ಪ್ರತಿ ರೂಪಾಯಿಯೂ ದಾಖಲೆಯಾಗುತ್ತದೆ, ನಿಯಮ ಹೀಗಿದೆ, ನೋಂದಣಿಯ ಮಿತಿ ಇಷ್ಟು ಎಂದು ಕೋಡು ಅಂಟಿಸಿದ ದಿನ ಕುಳಿತು ಹೇಳಿದವರು ಯಾರಿದ್ದರು?

ವಂಚನೆಯ ಭಯದ ಮಾತು ಬಂದಾಗಲೂ ನನಗೆ ಇದೇ ದೂರು. ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ, ಪಿನ್ ಯಾರಿಗೂ ಕೊಡಬೇಡಿ ಎಂದು ನಾವು ಗ್ರಾಹಕರನ್ನು ಹೆದರಿಸಿದ್ದೇವೆ, ಹೆದರಿಸಬೇಕಾದ್ದೇ. ಆದರೆ ಧೈರ್ಯ ಕೊಡುವ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಲಿಲ್ಲ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಅದರ ಪ್ರಕಾರ, ಗ್ರಾಹಕರ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ಹೊರಗಿನ ಯಾರಿಂದಲೋ ಖಾತೆಯ ಹಣ ಹೋದರೆ ಮತ್ತು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಒಂದು ಪೈಸೆಯ ಹೊಣೆಯೂ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆಗೆ ಒಂದು ಮಿತಿಯಿದೆ. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ಖಾತೆಗೆ ತುಂಬಬೇಕು. ಗ್ರಾಹಕರದ್ದೇ ತಪ್ಪು ಎಂದು ತೋರಿಸುವ ಭಾರ ಬ್ಯಾಂಕಿನದು. ಗ್ರಾಹಕರೇ ಒಟಿಪಿ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೇ ಎಂದು ಅದರಲ್ಲಿ ಬರೆದಿತ್ತು. ಇದು ಎಷ್ಟು ದೊಡ್ಡ ಮಾತು! ಆ ಬೆಳೆಗಾರರು ಕೇಳಿದ ಪ್ರಶ್ನೆಗೆ ಒಂದು ಮಟ್ಟಿಗೆ ಉತ್ತರವೇ ಇದರಲ್ಲಿತ್ತು. ನಮ್ಮ ಶಾಖೆಯಲ್ಲಿ ಆ ಸುತ್ತೋಲೆ ಇಂಗ್ಲಿಷಿನಲ್ಲಿ, ಸೂಚನಾ ಫಲಕದ ಮೂಲೆಯಲ್ಲಿ, ಚಿನ್ನದ ಸಾಲದ ಜಾಹೀರಾತಿನ ಹಿಂದೆ ಇತ್ತು. ಮೋಸವಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಎಂಬುದೂ ಎಷ್ಟೋ ಜನಕ್ಕೆ ಗೊತ್ತಾಗುತ್ತಿದ್ದದ್ದು ಮೋಸವಾಗಿ ವಾರ ಕಳೆದ ಮೇಲೆ, ನನ್ನ ಮೇಜಿನ ಮುಂದೆ.

ಟಾರ್ಗೆಟ್ಟಿನ ಕಾಲದ ಬಗ್ಗೆ ನಾನು ಸುಮ್ಮನಿರುವುದು ಸರಿಯಲ್ಲ. ಇಷ್ಟು ದಿನದಲ್ಲಿ ಇಷ್ಟು ಮೊಬೈಲ್ ಬ್ಯಾಂಕಿಂಗ್ ನೋಂದಣಿ ಎಂದು ಮೇಲಿನಿಂದ ಲೆಕ್ಕ ಬರುತ್ತಿತ್ತು. ಪಾಸ್ ಬುಕ್ ಎಂಟ್ರಿಗೆ ಬಂದವರ ಫೋನ್ ಕೇಳಿ ಪಡೆದು, ಆ್ಯಪ್ ಇಳಿಸಿ, ಒಟಿಪಿ ನಾವೇ ನೋಡಿ ಹಾಕಿ, ಪಿನ್ ಇಡುವಾಗ ಮಾತ್ರ ಫೋನನ್ನು ಅವರ ಕೈಗೆ ಕೊಡುತ್ತಿದ್ದೆವು. ಒಟಿಪಿ ಯಾರಿಗೂ ತೋರಿಸಬೇಡಿ ಎಂದು ಹೇಳುವ ನಾವೇ ಅದನ್ನು ನೋಡುತ್ತಿದ್ದೆವು. ಸಂಜೆ ಲೆಕ್ಕ ಕಳಿಸಿದರೆ ಶಾಖೆಗೆ ಮೆಚ್ಚುಗೆ ಬರುತ್ತಿತ್ತು. ಆರು ತಿಂಗಳ ನಂತರ ನೋಡಿದರೆ ಹಾಗೆ ನೋಂದಾಯಿಸಿದವರಲ್ಲಿ ಬಹುಪಾಲು ಜನ ಒಂದೇ ಒಂದು ಬಾರಿಯೂ ಹಣ ಕಳಿಸಿರಲಿಲ್ಲ. ಆ ಬೆಳೆಗಾರರ ಆ್ಯಪೂ ಅಂಥ ಒಂದು ಸಂಜೆಯ ಲೆಕ್ಕದ್ದು. ಅವರಿಗೆ ಹತ್ತು ನಿಮಿಷ ಕೊಟ್ಟು, ನನ್ನೆದುರೇ ಒಂದು ರೂಪಾಯಿ ಕಳಿಸಲು ಹೇಳಿದ್ದರೆ ಅವರು ಆ ಸೋಮವಾರ ಬಸ್ಸು ಹತ್ತಬೇಕಾಗುತ್ತಿರಲಿಲ್ಲವೋ ಏನೋ. ಹತ್ತು ನಿಮಿಷ ನಮ್ಮಲ್ಲಿರಲಿಲ್ಲ; ಇದ್ದವರು ಮೂವರು ಸಿಬ್ಬಂದಿ, ಸರದಿಯಲ್ಲಿ ನಲವತ್ತು ಮಂದಿ.

ಈ ಕಾರಣಕ್ಕೇ, ಆನ್‌ಲೈನ್ ಬಂದ ಮೇಲೆ ಶಾಖೆ ಯಾಕೆ, ಕೌಂಟರ್ ಯಾಕೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಿಲೀನಗಳ ಕಾಲದಲ್ಲಿ ಇದನ್ನು ಹತ್ತಿರದಿಂದ ಕಂಡೆ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಶಾಖೆಯ ಗುರುತಿನ ಸಂಕೇತವಾದ ಐಎಫ್‌ಎಸ್‌ಸಿ ಬದಲಾಯಿತು, ಆ್ಯಪ್ ಬದಲಾಯಿತು. ಆಗ ಹಳೆಯ ಆ್ಯಪ್ ಬಿಟ್ಟು ಹೊಸದಕ್ಕೆ ಹೋದವರು, ನನಗೆ ಗೊತ್ತಿರುವ ಮಟ್ಟಿಗೆ, ಪರಿಚಯದ ಗುಮಾಸ್ತರು ಅದೇ ಕೌಂಟರಿನಲ್ಲಿ ಇನ್ನೂ ಕುಳಿತಿದ್ದ ಕಡೆಯವರು. ಕೌಂಟರ್ ಇದೆ ಎಂಬ ಧೈರ್ಯದ ಮೇಲೆಯೇ ಜನ ಕೌಂಟರಿಗೆ ಬರುವುದನ್ನು ಬಿಡುತ್ತಾರೆ. ಅದನ್ನು ಮುಚ್ಚಿ ಅವರನ್ನು ಆ್ಯಪಿಗೆ ತಳ್ಳಿದರೆ ಅವರು ಹೋಗುವುದು ಆ್ಯಪಿಗಲ್ಲ. ಮಗನ ಹತ್ತಿರ, ಅಂಗಡಿಯವನ ಹತ್ತಿರ, ಪಿನ್ ಬರೆದ ಚೀಟಿ ಹಿಡಿದು.

ನಿವೃತ್ತಿಗೆ ಒಂದು ತಿಂಗಳಿದ್ದಾಗಿನ ಒಂದು ಬೆಳಿಗ್ಗೆ ನೆನಪಾಗುತ್ತದೆ. ಊರಿನವರೆಲ್ಲ ಅಕ್ಕೋರು ಎಂದು ಕರೆಯುವ ನಿವೃತ್ತ ಶಿಕ್ಷಕಿಯೊಬ್ಬರು ಪ್ರತಿ ತಿಂಗಳೂ ಪಾಸ್ ಬುಕ್ ಎಂಟ್ರಿಗೆ ಬರುತ್ತಿದ್ದರು. ಎರಡು ವರ್ಷದಿಂದ ಅವರು ಕರೆಂಟ್ ಬಿಲ್ಲಿನಿಂದ ಹಿಡಿದು ಔಷಧಿಯವರೆಗೆ ಎಲ್ಲವನ್ನೂ ಮೊಬೈಲಿನಲ್ಲೇ ಕಟ್ಟುತ್ತಿದ್ದರು. ಆದರೂ ಬಂದು, ಬೆಂಚಿನ ಮೇಲೆ ಕುಳಿತು, ಪಾಸ್ ಬುಕ್ಕಿನ ಒಂದೊಂದು ಸಾಲನ್ನೂ ಮೊಬೈಲಿನೊಂದಿಗೆ ಹೋಲಿಸಿ, ಮಕ್ಕಳ ಉತ್ತರಪತ್ರಿಕೆ ತಿದ್ದುವಂತೆ ಪೆನ್ಸಿಲಿನಿಂದ ರೈಟ್ ಗುರುತು ಹಾಕುತ್ತಿದ್ದರು. ಆ ದಿನ ಅವರ ಪಕ್ಕದಲ್ಲಿ ಸ್ವಸಹಾಯ ಸಂಘದ ಒಬ್ಬ ಹೆಂಗಸು, ಹೊಸ ಫೋನ್ ಹಿಡಿದು, ಹೊಸನಗರದಲ್ಲಿದ್ದ ತಮ್ಮನಿಗೆ ಹಣ ಕಳಿಸಲು ಚಲನ್ ಕೇಳಿ ಪಡೆದು ಕುಳಿತಿದ್ದರು. ಅಕ್ಕೋರು ಅವರ ಕೈಯಿಂದ ಚಲನ್ ತೆಗೆದು ಬದಿಗಿಟ್ಟರು.

"ನಂಬರ್ ಹಾಕು. ಹ್ಞಾಂ, ಹೆಸರು ಬಂತಾ? ನಿನ್ ತಮ್ಮಂದೇ ಅಲ್ವಾ, ಸರಿಯಾಗಿ ನೋಡು. ಈಗ ಒಂದೇ ಒಂದ್ ರೂಪಾಯಿ ಹಾಕು. ಪಿನ್ ಹಾಕ್ವಾಗ ನಂಗೂ ತೋರಿಸ್ಬೇಡ, ಆ ಕಡೆ ತಿರುಕ್ಕೋ."

ಆಕೆ ಗೋಡೆಯ ಕಡೆ ತಿರುಗಿ, ಒಂದೊಂದೇ ಅಂಕಿ ಒತ್ತಿದರು. ಪರದೆ ಹಸಿರಾಯಿತು. ಇಬ್ಬರೂ ಮಾತಿಲ್ಲದೆ ಕಾದರು. ಎರಡು ನಿಮಿಷಕ್ಕೆ ಫೋನು ಹೊಡೆದುಕೊಂಡಿತು, ಸ್ಪೀಕರಿನಲ್ಲಿದ್ದದ್ದರಿಂದ ಸರದಿಯಲ್ಲಿದ್ದವರಿಗೆಲ್ಲ ಆ ತಮ್ಮನ ದನಿ ಕೇಳಿಸಿತು: "ಅಕ್ಕಾ, ಒಂದ್ ರೂಪಾಯಿ ಯಾಕ್ ಹಾಕಿದೀಯೆ?"